ಹಳೆಯದೋ, ಹೊಸದೋ?

ಹೊಸದೆಲ್ಲವೂ ಮೇಲೆಂಬುದು ಒಂದು ಮೂಢನಂಬಿಕೆ. ಹಳೆಯದೆಲ್ಲವೂ ಹೊನ್ನೆಂಬುದು ಇನ್ನೊಂದು. ಸಾಹಿತ್ಯದಲ್ಲಿ ಈ ಎರಡರ ಜಗಳವನ್ನು ನಾವು ಬಹುಕಾಲದಿಂದ ಕಂಡವರು. ಅದೇ ಜಗಳ ಈಗ ಬೇರೊಂದು ವೇಷ ತೊಟ್ಟು ಕಾಲೇಜಿನ ಅಂಗಳಕ್ಕೆ ಬಂದಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ಸಂಗೀತಾಸಕ್ತ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಯಿದು: ಪ್ಲೇನಾರ್ ಹೆಡ್‌ಫೋನು ಕೊಳ್ಳುವುದಾದರೆ, ಒಂದು ಕಾಲಕ್ಕೆ ದುಬಾರಿಯಾಗಿದ್ದು ಈಗ ಅಗ್ಗಕ್ಕೆ ಸಿಗುವ ಹಳೆಯ ಮಾದರಿಯೋ, ಅಗ್ಗವಾಗಿಯೇ ಹುಟ್ಟಿದ ಹೊಸ ಮಾದರಿಯೋ?

ಸಾಹಿತ್ಯದ ಪುಟದಲ್ಲಿ ಯಂತ್ರದ ಮಾತೇಕೆಂದು ವಾಚಕರು ಹುಬ್ಬೇರಿಸಬಾರದು. ನಮ್ಮ ನಾಡಿನ ಸಾಹಿತ್ಯದ ಒಂದು ದೊಡ್ಡ ಪಾಲು ಕಿವಿಯಲ್ಲಿಯೇ ಬದುಕಿದೆ. ಬೈಲಹೊಂಗಲದ ಮಣ್ಣಿಗೆ ಸೇರಿದ ಸಂಗ್ಯಾ-ಬಾಳ್ಯಾ ಸಣ್ಣಾಟವನ್ನು ಅಚ್ಚಿನಲ್ಲಿ ಓದಿದವನು ಅದರ ಕಥೆಯನ್ನು ಬಲ್ಲನೇ ಹೊರತು ಅದರ ಮೇಳವನ್ನು ಅರಿಯನು. ಕಿತ್ತೂರ ಚೆನ್ನಮ್ಮನ ಲಾವಣಿಯಾಗಲಿ, ಎಲ್ಲಮ್ಮನ ಗುಡ್ಡದ ಚೌಡಿಕೆಯ ಪದವಾಗಲಿ ಹಾಡಿದಾಗಲೇ ಪೂರ್ಣ. ೧೯೫೦ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ನಮ್ಮ ಹಿರಿಯರಿಗೆ ನಾಡಿನ ಹಾಡನ್ನು ಮನೆಬಾಗಿಲಿಗೆ ತಂದುಕೊಟ್ಟಿತು. ಇಂದಿನ ವಿದ್ಯಾರ್ಥಿಯ ಫೋನಿನಲ್ಲಿ ನೂರಾರು ಧ್ವನಿಮುದ್ರಣಗಳಿವೆ. ಅವುಗಳನ್ನು ಹೇಗೆ ಕೇಳಬೇಕೆಂಬುದು ಹೇಗೆ ಓದಬೇಕೆಂಬುದರಷ್ಟೇ ಗಂಭೀರವಾದ ಪ್ರಶ್ನೆ.

ಸಾಮಾನ್ಯ ಹೆಡ್‌ಫೋನಿನಲ್ಲಿ ತಂತಿಯ ಸುರುಳಿಯೊಂದು ತನಗಂಟಿದ ಪುಟ್ಟ ಪೊರೆಯನ್ನು ಹಿಂದುಮುಂದಾಗಿ ತಳ್ಳುತ್ತದೆ. ಪ್ಲೇನಾರಿನಲ್ಲಿ ಆ ಸುರುಳಿಯಿಲ್ಲ. ಬಲು ತೆಳುವಾದ ಅಗಲ ಪೊರೆಯ ಮೇಲೆಯೇ ವಿದ್ಯುತ್ತು ಹರಿಯುವ ಗೆರೆಗಳನ್ನು ಹಾಸಿ, ಅದನ್ನು ಅಯಸ್ಕಾಂತಗಳೆದುರು ಬಿಗಿದಿರುತ್ತಾರೆ; ಪೊರೆ ಒಟ್ಟಾಗಿ ಮಿಡಿಯುತ್ತದೆ. ಇದು ನಿನ್ನೆಯ ಶೋಧವಲ್ಲ. ಜಪಾನಿನ ಯಮಾಹಾ ಸಂಸ್ಥೆ ೧೯೭೬ರಲ್ಲಿಯೇ ಎಚ್‌ಪಿ-೧ ಎಂಬ ಇಂಥ ಹೆಡ್‌ಫೋನನ್ನು ಹೊರತಂದಿತ್ತು. ಆದ್ದರಿಂದ ಇಲ್ಲಿ ಹಳತು ಹೊಸತುಗಳ ತತ್ತ್ವ ಒಂದೇ. ಬೇರೆಯಾಗಿರುವುದು ಅಯಸ್ಕಾಂತದ ರೂಪ, ಪೊರೆಯ ನವಿರು ಮತ್ತು ಬೆಲೆ.

ಒಂದು ಉದಾಹರಣೆ ಸಾಕು. ಹೈಫೈಮ್ಯಾನ್ ಸಂಸ್ಥೆಯ ಎಚ್‌ಇ-೪೦೦ಐ ಎಂಬ ಮಾದರಿ ೨೦೧೪ರಲ್ಲಿ ಬಂದಾಗ ಅದರ ಬೆಲೆ ೪೯೯ ಡಾಲರು. ಅದೇ ಸಂಸ್ಥೆಯ ಎಚ್‌ಇ-೪೦೦ಎಸ್‌ಇ ೨೦೨೧ರಲ್ಲಿ ೧೪೯ ಡಾಲರಿಗೆ ಬಂದಿತು. ಧ್ವನಿಯ ಅಲೆಗಳು ತೊಡಕಿಲ್ಲದೆ ಹಾದುಹೋಗುವಂತೆ ಅದರ ಅಯಸ್ಕಾಂತಗಳನ್ನು ತಿದ್ದಿದ್ದಾರೆ. ಇಷ್ಟರಿಂದ ಹೊಸದೇ ಎಲ್ಲದರಲ್ಲೂ ಮುಂದೆ ಎಂದುಕೊಳ್ಳುವಂತಿಲ್ಲ. ತಯಾರಕರೇ ಹೇಳುವಂತೆ ಹಳೆಯದರ ತೂಕ ೩೭೦ ಗ್ರಾಂ, ಹೊಸದರದು ೩೯೦. ಹಳೆಯದರ ಸಂವೇದನೆ ೯೩ ಡೆಸಿಬೆಲ್, ಹೊಸದರದು ೯೧. ಎಂದರೆ ಹೊಸದು ತಲೆಗೆ ತುಸು ಭಾರ, ದನಿಯೇರಲು ತುಸು ಹಟಮಾರಿ. ಎರಡಕ್ಕೂ ಬರಿಯ ಫೋನಿನ ಶಕ್ತಿ ಸಾಲದೆ ಹೋಗಬಹುದು. ಆಗ ಪುಟ್ಟದೊಂದು ಆಂಪ್ಲಿಫೈಯರಿನ ಖರ್ಚೂ ಸೇರುತ್ತದೆ. ಪೆಟ್ಟಿಗೆಯ ಮೇಲಿನ ಬೆಲೆಯೊಂದನ್ನೇ ನೋಡಿದವನಿಗೆ ಈ ಲೆಕ್ಕ ಕಾಣುವುದಿಲ್ಲ.

ಇನ್ನೂ ಒಂದು ಮಾತು. ಇವೆರಡರ ಬೆನ್ನೂ ತೆರೆದಿರುತ್ತದೆ. ಒಳಗಿನ ಹಾಡು ಹೊರಗೆ ಕೇಳುತ್ತದೆ, ಹೊರಗಿನ ಗದ್ದಲ ಒಳಗೆ ಬರುತ್ತದೆ. ನಾಲ್ವರಿರುವ ವಸತಿಗೃಹದ ಕೋಣೆಯಲ್ಲಿ, ಸವದತ್ತಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಇವು ನಿಷ್ಪ್ರಯೋಜಕ. ಏಕಾಂತವಿಲ್ಲದವನಿಗೆ ನನ್ನ ಸಲಹೆ, ಎರಡನ್ನೂ ಕೊಳ್ಳಬೇಡ ಎಂಬುದೇ.

ಏಕಾಂತವುಳ್ಳವನು ತಾನು ಏನನ್ನು ಕೇಳುವವನೆಂದು ಮೊದಲು ಕೇಳಿಕೊಳ್ಳಲಿ. ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಮೊದಮೊದಲ ಗಾಯನ ನಮಗುಳಿದಿರುವುದು, ಮಗ್ಗುಲಿಗೆ ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು ಹಿಡಿಯುತ್ತಿದ್ದ ಹಳೆಯ ತಟ್ಟೆಗಳಲ್ಲಿ. ಅತಿ ಸೂಕ್ಷ್ಮವಾದ ಮೇಲಿನ ನಾದಗಳು ಆ ತಟ್ಟೆಗಳಿಗೆ ಏರಲೇ ಇಲ್ಲ. ಮೇಲಿನ ನಾದವನ್ನು ಥಳಥಳಿಸುವ ಹೆಡ್‌ಫೋನು ಅಲ್ಲಿ ಕಂಠವನ್ನು ಬೆಳಗಿಸದೆ ಮುಳ್ಳಿನ ಕರಕರವನ್ನೇ ಬೆಳಗಿಸುತ್ತದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ನಂತರದ ಮುದ್ರಣಗಳ ಮಾತೇ ಬೇರೆ. ಅಲ್ಲಿ ತಂಬೂರಿಯ ಜೀವಾಳಿ ಮಿಡಿದು ಕರಗುವವರೆಗೂ ಕೇಳಿಸಬೇಕು. ಒಳ್ಳೆಯ ಪ್ಲೇನಾರು ತನ್ನ ಬೆಲೆಯನ್ನು ಸಾರ್ಥಕಗೊಳಿಸುವುದು ಇಂಥಲ್ಲಿಯೇ. ಗೀಗೀ ಪದಕ್ಕೆ ನನ್ನ ಪರೀಕ್ಷೆ ಭಾಷೆಯ ಅಧ್ಯಾಪಕನದು: ದಪ್ಪಿನ ಪೆಟ್ಟಿನ ಬೆನ್ನಿಗೆ ತುಂತುಣಿಯ ಮೀಟು ಬಿಡಿಯಾಗಿ ಕೇಳಿಸುವುದೇ? ಹಿಮ್ಮೇಳ ಎದ್ದಾಗಲೂ ಶಕಾರ ಸಕಾರಗಳು ಬೇರೆಬೇರೆಯಾಗಿ ನಿಲ್ಲುವುವೇ? ಈ ಪರೀಕ್ಷೆಯಲ್ಲಿ ಗೆದ್ದುದನ್ನು ಕೊಳ್ಳಬೇಕು. ಅದು ಯಾವ ವರ್ಷದ್ದಾದರೂ ಆಗಲಿ.

ಆದರೆ ಪರೀಕ್ಷಿಸುವುದೆಲ್ಲಿ? ತೊಡಕು ಇರುವುದು ಇಲ್ಲಿ. ನಮ್ಮ ತಾಲೂಕು ಪೇಟೆಗಳ ಅಂಗಡಿಗಳಲ್ಲಿ ಇವು ಕಿವಿಗೆ ಹಚ್ಚಿ ನೋಡಲು ಸಿಗುವ ಸರಕಲ್ಲ. ಹತ್ತು ಸಾವಿರ ರೂಪಾಯಿಯ ಸುತ್ತಮುತ್ತಲಿನ ಹಣವನ್ನು, ಒಕ್ಕಲುತನದ ಮನೆಯ ಹುಡುಗನೊಬ್ಬ ಅವರಿವರ ಮಾತು ನಂಬಿ ಅಂಚೆಯಲ್ಲಿ ಬರುವ ಪೆಟ್ಟಿಗೆಗೆ ಸುರಿಯಬೇಕಾಗಿದೆ. ಬಳಸಿ ಮಾರಿದ ಹಳೆಯ ಹೆಡ್‌ಫೋನಿನ ಕಿವಿಮೆತ್ತೆ ಸವೆದಿರಬಹುದು, ವಾಯರಿನ ಬೆಸುಗೆ ಸಡಿಲಿರಬಹುದು, ಪೊರೆ ಸುಕ್ಕುಗಟ್ಟಿ ಗರಗರಿಸಬಹುದು. ಈ ಪೊರೆಯನ್ನು ರಿಪೇರಿ ಮಾಡುವವನು ಹತ್ತಿರದಲ್ಲಿಲ್ಲ. ಆದುದರಿಂದ ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಕೊಳ್ಳಲಾಗದವನಿಗೆ ವಾರಂಟಿಯುಳ್ಳ ಹೊಸದೇ ಲೇಸು. ಅದು ಹೊಸದೆಂಬ ಕಾರಣಕ್ಕಲ್ಲ. ಕೆಟ್ಟರೆ ಕೇಳಲು ಒಬ್ಬನಿದ್ದಾನೆಂಬ ಕಾರಣಕ್ಕೆ. ಕೈಯಲ್ಲಿರುವ ಹಳೆಯದು ಸರಿಯಾಗಿ ಹಾಡುತ್ತಿದ್ದರೆ, ಅದನ್ನು ಬಿಟ್ಟು ಹೊಸದಕ್ಕೆ ಓಡುವ ಅಗತ್ಯವೇನೂ ಇಲ್ಲ.

ಇದು ಒಬ್ಬೊಬ್ಬನಿಗೆ ಹೇಳಬಹುದಾದ ಮಾತು. ಎಲ್ಲರ ಪರವಾಗಿ ಹೇಳಬೇಕಾದದ್ದು ಬೇರೆ ಇದೆ. ನಮ್ಮ ಕಾಲೇಜುಗಳ ಗ್ರಂಥಾಲಯಗಳು ನಿಘಂಟನ್ನು ಎಲ್ಲರಿಗಾಗಿ ಕೊಂಡಿಡುತ್ತವೆ. ಪ್ರತಿ ವಿದ್ಯಾರ್ಥಿಯೂ ಒಂದೊಂದು ಕೊಳ್ಳಲೆಂದು ಯಾರೂ ಹೇಳುವುದಿಲ್ಲ. ಹಾಗೆಯೇ ಒಂದು ಹಳೆಯ, ಒಂದು ಹೊಸ ಹೆಡ್‌ಫೋನು, ಒಂದು ಆಂಪ್ಲಿಫೈಯರು, ನಾಡಿನ ಹಾಡಿನ ಆಯ್ದ ಮುದ್ರಣಗಳು ಮತ್ತು ಸದ್ದಿಲ್ಲದ ಒಂದು ಮೂಲೆ, ಇಷ್ಟನ್ನು ಒದಗಿಸುವುದು ಯಾವ ಕಾಲೇಜಿಗೂ ಹೊರಲಾಗದ ಹೊರೆಯಲ್ಲ. ಆಗ ಕೊಳ್ಳುವವನು ತಿಳಿದು ಕೊಳ್ಳುತ್ತಾನೆ; ಕೊಳ್ಳಲಾಗದವನೂ ಕೇಳುತ್ತಾನೆ. ಹಾಗೆ ಕೇಳಿ ಪಳಗಿದ ಕಿವಿಗಳಲ್ಲಿ ಒಂದೆರಡಾದರೂ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಹಾಡುವ ಮುದುಕಿಯ ಮುಂದೆ ನಿಂತು, ಆ ಪದವನ್ನು ಮುದ್ರಿಸಿಕೊಳ್ಳುವ ಮನಸ್ಸು ಮಾಡಿಯಾವು. ಅವಳ ಹಾಡು ನಿಂತುಹೋದ ಮೇಲೆ ಎಂಥ ಹೆಡ್‌ಫೋನಿನಿಂದಲೂ ಅದನ್ನು ಮರಳಿ ಕೇಳಲಾಗದು.