ಎರೆಹುಳುವೂ ಮಹಾನಗರದ ಕನ್ನಡಿಗನೂ

ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ತೊರೆದು ಮುಂಬಯಿಗೆ ಬಂದ ಕನ್ನಡಿಗರು ಬರಿಗೈಯಲ್ಲಿ ಬರಲಿಲ್ಲ. ತಮ್ಮ ನುಡಿಯನ್ನು ತಂದರು. ಯಕ್ಷಗಾನವನ್ನೂ ನಾಟಕವನ್ನೂ ಭಜನೆಯನ್ನೂ ತಂದರು. ಇಡ್ಲಿ, ದೋಸೆ, ಸಾಂಬಾರುಗಳನ್ನು ತಂದು ಈ ಮಹಾನಗರಕ್ಕೇ ಉಣಬಡಿಸಿದರು. ಆದರೆ ಊರಿನಲ್ಲಿಯೇ ಬಿಟ್ಟುಬಂದ ವಸ್ತುವೊಂದುಂಟು. ಅದು ಹಿತ್ತಲ ತಿಪ್ಪೆ. ಸ್ಮರಣ ಸಂಚಿಕೆಯ ಪುಟದಲ್ಲಿ ತಿಪ್ಪೆಯ ಮಾತೇಕೆ ಎಂದು ಕೆಲವು ವಾಚಕರು ಮೂಗು ಮುರಿಯಬಹುದು. ಆದರೆ ಆರೋಗ್ಯಕ್ಕೆ ಮೀಸಲಾದ ಪುಟಗಳಲ್ಲಿ ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಸಲ್ಲುವ ಸ್ಥಾನ ತಿಪ್ಪೆಗೂ ಸಲ್ಲಬೇಕು ಎಂಬುದೇ ಈ ಲೇಖನದ ವಾದ.

ನಮ್ಮ ಹಿರಿಯರ ಮನೆಗಳಲ್ಲಿ ಕಾಯಿಪಲ್ಯದ ಸಿಪ್ಪೆ ದನದ ಬಾಯಿಗೆ ಹೋಗುತ್ತಿತ್ತು. ಸಗಣಿ, ಒಲೆಯ ಬೂದಿ, ಅಂಗಳದ ತರಗು ತಿಪ್ಪೆಗೆ ಬೀಳುತ್ತಿದ್ದವು. ಮಳೆಗಾಲಕ್ಕೆ ಮುನ್ನ ತಿಪ್ಪೆ ಗಾಡಿಯೇರಿ ಹೊಲವನ್ನು ಸೇರುತ್ತಿತ್ತು. ಕರಾವಳಿಯವರು ಹಟ್ಟಿಗೊಬ್ಬರವೆಂದರು, ಬಯಲುಸೀಮೆಯವರು ತಿಪ್ಪೆಗೊಬ್ಬರವೆಂದರು, ವಸ್ತು ಒಂದೇ. ದೀಪಾವಳಿಯಂದು ತಿಪ್ಪೆಯ ಮೇಲೂ ಹಣತೆಯಿಡುವ ವಾಡಿಕೆ ಅನೇಕ ಹಳ್ಳಿಗಳಲ್ಲಿದೆ. ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಸ್ವಾಮಿ ಎಂಬ ಹೆಸರುಗಳನ್ನು ಮಕ್ಕಳಿಗಿಡಲು ನಮ್ಮವರು ನಾಚಲಿಲ್ಲ. ಹಳ್ಳಿಯಲ್ಲಿ ಎಲ್ಲವೂ ಸರಿಯಾಗಿತ್ತೆಂದು ಹೇಳುವ ಉದ್ದೇಶ ನಮ್ಮದಲ್ಲ. ಅಲ್ಲಿಯೂ ನೊಣವಿತ್ತು, ರೋಗವಿತ್ತು. ಯಾರ ಹೊಲಸನ್ನು ಯಾರು ಹೊರಬೇಕೆಂಬುದನ್ನು ಜಾತಿಯೇ ನಿರ್ಧರಿಸುತ್ತಿತ್ತು. ಆದರೂ ಒಂದು ಮಾತು ನಿಜ: ಅಡಿಗೆಮನೆಯ ಹಸಿಕಸ ಊರಿನ ಗಡಿಯನ್ನು ದಾಟುತ್ತಿರಲಿಲ್ಲ.

ಇಲ್ಲಿ ನಾವು ಮಾಡುತ್ತಿರುವುದೇನು? ಬೆಳಗ್ಗೆ ಒಂದು ಚೀಲವನ್ನು ಬಾಗಿಲ ಹೊರಗಿಟ್ಟು ಕದ ಮುಚ್ಚಿಕೊಳ್ಳುತ್ತೇವೆ. ಆ ಚೀಲದಲ್ಲಿ ಬಾಳೆಹಣ್ಣಿನ ಸಿಪ್ಪೆಯಿರುತ್ತದೆ, ನಿನ್ನೆಯ ಅನ್ನವಿರುತ್ತದೆ, ಒಡೆದ ಗಾಜು, ಮಾತ್ರೆಯ ಹಾಳೆ, ಇನ್ಸುಲಿನ್ನಿನ ಸೂಜಿ, ಎಲ್ಲವೂ ಇರುತ್ತವೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಕಸದ ಪಯಣ ಅಲ್ಲಿಂದಲೇ ಆರಂಭ.

ಮುಂಬಯಿಯ ದೇವನಾರದಲ್ಲಿ ೧೯೨೭ರಿಂದ ನಗರದ ಕಸವನ್ನು ಸುರಿಯುತ್ತ ಬಂದು ಬೆಟ್ಟಗಳೇ ಎದ್ದವು. ೨೦೧೬ರ ಜನವರಿಯಲ್ಲಿ ಆ ಬೆಟ್ಟಕ್ಕೆ ಬೆಂಕಿ ಹತ್ತಿ, ಹೊಗೆ ದಿನಗಟ್ಟಲೆ ನಗರವನ್ನು ಕವಿಯಿತು. ಸುತ್ತಲಿನ ಶಾಲೆಗಳನ್ನು ಮುಚ್ಚಬೇಕಾಯಿತು. ದೆಹಲಿಯ ಗಾಜೀಪುರದಲ್ಲಿ ೨೦೧೭ರ ಸೆಪ್ಟೆಂಬರ್ ೧ರಂದು ಕಸದ ಗುಡ್ಡ ಕುಸಿದು ಇಬ್ಬರು ಸತ್ತರು. ಚೆನ್ನೈನ ಪೆರುಂಗುಡಿಯ ಕಸದ ಬಯಲು ೨೦೨೨ರ ಏಪ್ರಿಲ್‌ನಲ್ಲಿ ಹೊತ್ತಿ ಉರಿಯಿತು. ಪುಣೆಯ ಕಸವನ್ನು ಹೊತ್ತ ಉರುಳಿ ದೇವಾಚಿ ಮತ್ತು ಫುರಸುಂಗಿಯ ಗ್ರಾಮಸ್ಥರು ಮತ್ತೆ ಮತ್ತೆ ಬೀದಿಗಿಳಿದು ಲಾರಿಗಳನ್ನು ತಡೆದರು. ಊರಿನಲ್ಲಿ ಹಾಗಿಲ್ಲವೆಂದು ಸಮಾಧಾನಪಡುವಂತೆಯೂ ಇಲ್ಲ. ಬೆಂಗಳೂರಿನ ಕಸ ಮಂಡೂರಿನ ಜನರ ಬಾವಿ ಮತ್ತು ಉಸಿರುಗಳನ್ನು ಕೆಡಿಸಿ, ೨೦೧೪ರಲ್ಲಿ ಅವರ ಚಳುವಳಿಯಿಂದ ಅಲ್ಲಿ ನಿಂತಿತು. ನಗರ ಯಾವುದಾದರೇನು, ನಮ್ಮ ಅಡಿಗೆಮನೆಯ ಸಿಪ್ಪೆ ಎಲ್ಲೋ ಒಂದೆಡೆ ಬಡವರ ಮಕ್ಕಳ ಶ್ವಾಸಕೋಶವನ್ನು ಸೇರುತ್ತಿದೆ.

ಸಿಪ್ಪೆ ತಾನಾಗಿ ಹೊಲಸಲ್ಲ. ನಾವು ಅದನ್ನು ಹೊಲಸು ಮಾಡುತ್ತೇವೆ. ಗಾಳಿಯಾಡುವೆಡೆ ಕೊಳೆತ ಸೊಪ್ಪು ಮಣ್ಣಿನ ವಾಸನೆಯ ಗೊಬ್ಬರವಾಗುತ್ತದೆ. ಅದೇ ಸೊಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ನೂರಾರು ಅಡಿ ಕಸದ ಕೆಳಗೆ ಹೂತರೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತವೆ. ಆಗ ಹುಟ್ಟುವುದು ಮೀಥೇನ್ ಅನಿಲ. ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಭೂಮಿಯ ತಾಪವನ್ನು ಏರಿಸುವುದರಲ್ಲಿಯೂ ಇಂಗಾಲದ ಡೈಆಕ್ಸೈಡನ್ನು ಬಹಳ ಮೀರಿಸುತ್ತದೆ. ಕೆಳಗೆ ಸೋರುವ ಕಪ್ಪು ರಸ ಅಂತರ್ಜಲಕ್ಕಿಳಿಯುತ್ತದೆ. ಇನ್ನು ಒಣಕಸವೂ ಹಸಿಕಸದೊಡನೆ ಬೆರೆತು ನಿರುಪಯುಕ್ತವಾಗುತ್ತದೆ. ಆ ಬೆರಕೆಯನ್ನು ಬರಿಗೈಯಿಂದ ಬಿಡಿಸುವ ಪೌರಕಾರ್ಮಿಕನ ಬೆರಳನ್ನು ಗಾಜು ಕೊಯ್ಯುತ್ತದೆ, ಸೂಜಿ ಚುಚ್ಚುತ್ತದೆ. ಹಳ್ಳಿಯಲ್ಲಿ ಕಂಡು ನಾವು ಖಂಡಿಸುವ ಜಾತಿಪದ್ಧತಿಯನ್ನು ನಗರದಲ್ಲಿ ಒಂದು ಚೀಲದೊಳಗೆ ಕಟ್ಟಿ ಮುಂದುವರಿಸುತ್ತಿದ್ದೇವೆ ಎಂದರೆ ಮಾತು ಕಟುವಾಗಬಹುದು, ಆದರೆ ಸುಳ್ಳಾಗದು.

ಕಾನೂನು ಇಲ್ಲವೆಂದಲ್ಲ. ಬೆಂಗಳೂರು ನಿವಾಸಿ ಅಲ್ಮಿತ್ರಾ ಪಟೇಲ್ ಅವರು ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯ ಫಲವಾಗಿ ೨೦೦೦ದಲ್ಲಿ ನಗರಗಳ ಘನತ್ಯಾಜ್ಯಕ್ಕೆ ನಿಯಮಗಳು ಬಂದವು. ೨೦೧೬ರ ನಿಯಮಗಳು ಪ್ರತಿ ಮನೆಯೂ ಕಸವನ್ನು ಬೇರ್ಪಡಿಸಿಯೇ ಕೊಡಬೇಕೆಂದು ವಿಧಿಸಿದವು. ಮುಂಬಯಿ ಮಹಾನಗರಪಾಲಿಕೆಯು ೨೦೧೭ರಲ್ಲಿ, ದಿನಕ್ಕೆ ೧೦೦ ಕಿಲೋಗ್ರಾಂಗೂ ಹೆಚ್ಚು ಕಸ ಮಾಡುವ ದೊಡ್ಡ ಸೊಸೈಟಿಗಳು ಹಸಿಕಸವನ್ನು ತಮ್ಮ ಆವರಣದಲ್ಲಿಯೇ ಗೊಬ್ಬರ ಮಾಡಿಕೊಳ್ಳಬೇಕೆಂದು ಆದೇಶಿಸಿತು. ಆದರೆ ನೋಟೀಸಿಗೆ ಹೆದರಿ ಮಾಡಿದ ಗೊಬ್ಬರದ ಗುಂಡಿ ನೋಟೀಸಿನ ನೆನಪು ಮಾಸುವವರೆಗೆ ಮಾತ್ರ ಉಳಿಯುತ್ತದೆ. ಮನಸ್ಸಿನ ಒಪ್ಪಿಗೆಯಿಲ್ಲದೆ ಈ ಕಾರ್ಯ ನಿಲ್ಲದು.

ಇಲ್ಲಿ ನಮ್ಮ ನೆರವಿಗೆ ಬರುವುದು ಎರೆಹುಳು. ಚಾರ್ಲ್ಸ್ ಡಾರ್ವಿನ್ ತನ್ನ ಬಾಳಿನ ಕೊನೆಗಾಲದಲ್ಲಿ, ೧೮೮೧ರಲ್ಲಿ, ಒಂದು ಇಡೀ ಗ್ರಂಥವನ್ನು ಈ ಜಂತುವಿಗೇ ಮೀಸಲಿಟ್ಟನು. ಕನ್ನಡ ನಾಡಿಗೂ ಗೊಬ್ಬರದ ಶಾಸ್ತ್ರಕ್ಕೂ ಹಳೆಯ ನಂಟಿದೆ. ೧೯೩೯ರಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಬೆಂಗಳೂರಿನಲ್ಲಿ ರೂಪಿಸಿದ, ಪಟ್ಟಣದ ಕಸವನ್ನು ಗೊಬ್ಬರ ಮಾಡುವ ವಿಧಾನ ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾಗಿದೆ. ೧೯೮೦ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ ಅವರು ಎರೆಗೊಬ್ಬರದ ಮೇಲೆ ನಡೆಸಿದ ಪ್ರಯೋಗಗಳು ರೈತರಿಗೆ ದಾರಿ ತೋರಿದವು. ಚೆನ್ನೈನ ನ್ಯೂ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸುಲ್ತಾನ್ ಇಸ್ಮಾಯಿಲ್ ಅವರು ನಮ್ಮ ನಾಡಿನದೇ ಹುಳುಗಳಿಂದ ಈ ಕೆಲಸ ಸಾಧ್ಯವೆಂದು ತೋರಿಸಿಕೊಟ್ಟರು.

ಎರೆಹುಳುವಿಗೆ ಕಣ್ಣಿಲ್ಲ, ಹಲ್ಲಿಲ್ಲ, ಶ್ವಾಸಕೋಶವಿಲ್ಲ. ತೇವದ ಚರ್ಮದಿಂದಲೇ ಅದು ಉಸಿರಾಡುತ್ತದೆ. ನುಂಗಿದ ಮರಳಿನ ಕಣಗಳಿಂದಲೇ ಹೊಟ್ಟೆಯೊಳಗೆ ಆಹಾರವನ್ನು ಅರೆಯುತ್ತದೆ. ಹೊಲದಲ್ಲಿ ಆಳವಾಗಿ ಬಿಲ ತೋಡುವ ಹುಳು ಈ ಕೆಲಸಕ್ಕೆ ಬಾರದು. ಮೇಲ್ಪದರದ ಕೊಳೆತ ಎಲೆಯಲ್ಲಿ ಬಾಳುವ ಜಾತಿಗಳೇ ಬೇಕು. ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯೂಜಿನಿಯೇ ಎಂಬ ಹೊರನಾಡಿನ ಜಾತಿಗಳೂ ಪೆರಿಯಾನಿಕ್ಸ್ ಎಂಬ ಭಾರತೀಯ ಜಾತಿಯೂ ಹೆಚ್ಚಾಗಿ ಬಳಕೆಯಲ್ಲಿವೆ. ಅನುಕೂಲ ಸ್ಥಿತಿಯಲ್ಲಿ ಒಂದು ಕಿಲೋಗ್ರಾಂ ಹುಳು ದಿನಕ್ಕೆ ಸುಮಾರು ಅರ್ಧ ಕಿಲೋಗ್ರಾಂ ಕಸವನ್ನು ತಿನ್ನುತ್ತದೆ.

ಮಾಡುವ ವಿಧಾನ ಕಠಿಣವಲ್ಲ. ನಾಲ್ಕು ಜನರ ಸಂಸಾರಕ್ಕೆ ತಳದಲ್ಲಿ ರಂಧ್ರಗಳಿರುವ, ಒಂದೂವರೆ ಅಡಿ ಅಗಲ ಎತ್ತರದ ಎರಡು ಮೂರು ಕುಂಡಗಳೋ ಪೆಟ್ಟಿಗೆಗಳೋ ಸಾಕು. ತಳಕ್ಕೆ ಎರಡು ಮೂರು ಅಂಗುಲ ತೆಂಗಿನ ನಾರು, ಅದರ ಮೇಲೆ ಒದ್ದೆ ಮಾಡಿದ ತರಗೆಲೆ ಅಥವಾ ಹರಿದ ವೃತ್ತಪತ್ರಿಕೆ, ಒಂದು ಹಿಡಿ ಹಳೆಯ ಸಗಣಿ, ಆಮೇಲೆ ಅರ್ಧ ಕಿಲೋಗ್ರಾಂ ಹುಳು. ತಾಜಾ ಸಿಪ್ಪೆಯನ್ನು ನೇರವಾಗಿ ರಾಶಿ ಹಾಕಬಾರದು. ಕೊಳೆಯುವಾಗ ಏಳುವ ಬಿಸಿಗೆ ಹುಳುಗಳು ಸಾಯುತ್ತವೆ. ಬೇರೊಂದು ಕುಂಡದಲ್ಲಿ ಒಣ ಎಲೆಯೊಡನೆ ಹತ್ತು ಹದಿನೈದು ದಿನ ಇಟ್ಟು, ಅನಂತರ ತೆಳ್ಳಗೆ ಹರಡಬೇಕು. ಆರಂಭದಲ್ಲಿ ದಿನಕ್ಕೆ ಕಾಲು ಕಿಲೋಗ್ರಾಂ ಮೀರಬಾರದು. ಎರಡು ಮೂರು ತಿಂಗಳಲ್ಲಿ ಹುಳುಗಳು ಹೆಚ್ಚಿದಂತೆ ಪ್ರಮಾಣವನ್ನೂ ಹೆಚ್ಚಿಸಬಹುದು. ಒಂದು ಮುಷ್ಟಿ ಹಿಂಡಿದರೆ ಒಂದೆರಡು ಹನಿ ನೀರು ಜಿನುಗಬೇಕು, ಅಷ್ಟೇ ತೇವ. ಉಪ್ಪು, ಎಣ್ಣೆ, ಉಪ್ಪಿನಕಾಯಿ, ಮೀನು, ಮಾಂಸ, ಹಾಲು ಬೇಡ. ನಿಂಬೆ, ಕಿತ್ತಳೆ, ಈರುಳ್ಳಿ, ಮೆಣಸಿನಕಾಯಿಗಳು ಅತಿಯಾಗಬಾರದು. ಸುಮಾರು ಎರಡು ತಿಂಗಳಿಗೆ ಚಹಾದ ಪುಡಿಯಂತಹ ಕಪ್ಪು ಗೊಬ್ಬರ ಸಿದ್ಧ. ಮೂರು ನಾಲ್ಕು ದಿನ ನೀರು ನಿಲ್ಲಿಸಿ ಬೆಳಕಿನಲ್ಲಿಟ್ಟರೆ ಹುಳುಗಳು ತಾವಾಗಿ ಕೆಳಗಿಳಿಯುತ್ತವೆ, ಮೇಲಿನದನ್ನು ತೆಗೆದುಕೊಳ್ಳಬಹುದು.

ಆರೋಗ್ಯದ ಕೆಲವು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಇರುವೆಗಳನ್ನು ತಡೆಯಲು ಕುಂಡದ ಕಾಲಿಗೆ ನೀರಿನ ಬಟ್ಟಲಿಡುವುದು ವಾಡಿಕೆ. ಆದರೆ ಡೆಂಗೀ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತಿಳಿನೀರಿನಲ್ಲಿಯೇ. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ತಪ್ಪದೆ ಆ ನೀರನ್ನು ಚೆಲ್ಲಿ ಬಟ್ಟಲನ್ನು ಉಜ್ಜಬೇಕು. ತಳದ ತಟ್ಟೆಯಲ್ಲಿ ಸೋರಿದ ರಸವೂ ನಿಲ್ಲಬಾರದು. ಎರೆಗೊಬ್ಬರದ ಕುಂಡ ರೋಗಾಣುಗಳನ್ನೆಲ್ಲ ಕೊಲ್ಲುವಷ್ಟು ಬಿಸಿಯಾಗುವುದಿಲ್ಲ. ಆದುದರಿಂದ ನಾಯಿ ಬೆಕ್ಕುಗಳ ಮಲವನ್ನು ಅದಕ್ಕೆ ಸೇರಿಸಕೂಡದು. ಕೈಗವಸು ಹಾಕಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

ಇಷ್ಟು ಕೇಳಿದ ಮೇಲೂ ಆಕ್ಷೇಪಣೆಗಳು ಏಳುವುದು ಸಹಜ. ಎರಡು ಕೋಣೆಯ ಮನೆಯಲ್ಲಿ ಸ್ಥಳವೆಲ್ಲಿ ಎಂಬುದು ಮೊದಲನೆಯದು. ಸ್ಥಳವಿಲ್ಲದವರಿಗೆ ಸೊಸೈಟಿಯ ಹಿಂಬದಿಯ ನೆರಳೇ ತಕ್ಕ ಜಾಗ. ಹತ್ತು ಮನೆಗಳು ಕೂಡಿ ಒಂದು ತೊಟ್ಟಿಯನ್ನು ಕಟ್ಟಿಸಬಹುದು. ವಾಸನೆ ಬರುವುದಿಲ್ಲವೇ ಎಂಬುದು ಎರಡನೆಯದು. ನೀರು ಹೆಚ್ಚಾದರೆ, ಅನ್ನ ಸಾರು ಸುರಿದರೆ ಬರುತ್ತದೆ. ಒಣ ಎಲೆಯ ಹೊದಿಕೆಯಿದ್ದು ಹದ ತಪ್ಪದಿದ್ದರೆ ಮಳೆ ಬಿದ್ದ ನೆಲದ ವಾಸನೆಯಷ್ಟೇ ಬರುವುದು. ಹುಳುವನ್ನು ಕಂಡರೆ ಅಸಹ್ಯವೆಂಬುವರೂ ಇದ್ದಾರೆ. ಅಂಥವರು ಹುಳುವಿಲ್ಲದೆಯೂ, ಕೇವಲ ಒಣ ಎಲೆ ಮತ್ತು ಗಾಳಿಯ ನೆರವಿನಿಂದ, ಕುಂಡದಲ್ಲಿಯೇ ಗೊಬ್ಬರ ಮಾಡಬಹುದು. ಎರೆಹುಳು ಪವಾಡಪುರುಷನಲ್ಲ, ಕೆಲಸವನ್ನು ಚುರುಕುಗೊಳಿಸುವ ಸೇವಕ. ದುಬಾರಿ ಹುಳು, ದುಬಾರಿ ಯಂತ್ರಗಳನ್ನು ಮಾರಲು ಬರುವವರ ಬಣ್ಣದ ಮಾತಿಗೆ ಮರುಳಾಗಬೇಕಿಲ್ಲ.

ತೆರಿಗೆ ಕೊಡುತ್ತೇವೆ, ಕಸದ ಕೆಲಸ ಪಾಲಿಕೆಯದು ಎಂಬ ಆಕ್ಷೇಪಣೆಯೇ ಎಲ್ಲಕ್ಕಿಂತ ಬಲವಾದುದು. ಪಾಲಿಕೆ ತನ್ನ ಕರ್ತವ್ಯವನ್ನು ಮಾಡಲೇಬೇಕು, ನಿಜ. ಆದರೆ ತೆರಿಗೆಯಿಂದ ಲಾರಿಯನ್ನು ಕೊಳ್ಳಬಹುದು, ಹೊಸ ಭೂಮಿಯನ್ನು ಸೃಷ್ಟಿಸಲಾಗದು. ಕಸ ಸುರಿಯಲು ಹುಡುಕುವ ಪ್ರತಿಯೊಂದು ಹೊಸ ಜಾಗವೂ ಯಾರದೋ ಊರು, ಯಾರದೋ ಬಾವಿ. ಹಣ ಕೊಟ್ಟ ಮಾತ್ರಕ್ಕೆ ನಮ್ಮ ಮನೆಯ ಕೊಳೆಯನ್ನು ಇನ್ನೊಬ್ಬರ ಮನೆಯ ಮುಂದೆ ಸುರಿಯುವ ಹಕ್ಕು ನಮಗೆ ಬರುವುದಿಲ್ಲ.

ಇದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ಸಂಘಗಳಿಂದ ಆಗುವ ಕೆಲಸ. ಆದುದರಿಂದ ನಮ್ಮ ಕನ್ನಡ ಸಂಘಗಳ ಮುಂದೆ ಮೂರು ಸಲಹೆಗಳನ್ನಿಡಬಯಸುತ್ತೇವೆ. ಮೊದಲನೆಯದಾಗಿ, ವಾರ್ಷಿಕೋತ್ಸವದ ಊಟದಲ್ಲಿ ಬಾಳೆಲೆಯನ್ನೇ ಬಳಸಿ, ಆ ಎಲೆಗಳನ್ನೂ ತರಕಾರಿಯ ಸಿಪ್ಪೆಯನ್ನೂ ಕತ್ತರಿಸಿ ಗೊಬ್ಬರಕ್ಕೆ ಕಳುಹಿಸುವ ಹೊಣೆಯನ್ನು ಸಂಘವೇ ಹೊರಲಿ. ಎರಡನೆಯದಾಗಿ, ಈ ನಗರದಲ್ಲಿ ಹೋಟೆಲ್ ಉದ್ಯಮವನ್ನು ಕಟ್ಟಿದ ನಮ್ಮವರು ಅಡಿಗೆಮನೆಯ ಹಸಿ ಸಿಪ್ಪೆ, ಕಾಫಿಯ ಗಸಿ, ಚಹಾದ ಚರಟವನ್ನು ಎಂಜಲಿನೊಡನೆ ಬೆರೆಸದೆ ಬೇರೆ ತೆಗೆಯಲಿ. ಎರೆಹುಳುವಿಗೆ ಅದಕ್ಕಿಂತ ಒಳ್ಳೆಯ ಆಹಾರ ಮತ್ತೊಂದಿಲ್ಲ. ಮೂರನೆಯದಾಗಿ, ಸಂಘದ ಮಹಿಳಾ ವಿಭಾಗಕ್ಕೆ ಮಾತ್ರ ಈ ಕೆಲಸವನ್ನು ವಹಿಸಿ ಪುರುಷರು ಭಾಷಣಕ್ಕೆ ಕುಳಿತುಕೊಳ್ಳದಿರಲಿ. ಗೃಹಿಣಿಯ ತಲೆಗೋ ಮನೆಗೆಲಸಕ್ಕೆ ಬರುವಾಕೆಯ ತಲೆಗೋ ಇನ್ನೊಂದು ಹೊರೆ ಕಟ್ಟುವುದಾದರೆ ಈ ಸುಧಾರಣೆಯೇ ಬೇಡ. ತಿಂದವರೆಲ್ಲರೂ ಸಿಪ್ಪೆಯ ಹೊಣೆ ಹೊರಬೇಕು.

ಹೊರನಾಡಿನಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ನಾವು ಕನ್ನಡದ ಅಕ್ಷರ ಕಲಿಸುತ್ತೇವೆ, ಸ್ತುತ್ಯವೇ. ಆ ಮಕ್ಕಳ ಪಾಲಿಗೆ ಮಣ್ಣೆಂದರೆ ಬೂಟಿನ ಕೊಳೆ ಮಾತ್ರವಾಗಿದೆ. ತಾವು ತಿಂದ ಬಾಳೆಹಣ್ಣಿನ ಸಿಪ್ಪೆ ಎರಡು ತಿಂಗಳಲ್ಲಿ ಮಣ್ಣಾಗಿ, ಅದರಲ್ಲಿ ತುಲಸಿಯೋ ಕರಿಬೇವೋ ಚಿಗುರುವುದನ್ನು ಅವರು ಕಣ್ಣಾರೆ ಕಾಣಲಿ. ಊರಿನ ಹೊಲ ಗದ್ದೆಗಳನ್ನು ಅವರಿಗೆ ಕೊಡಲಾರೆವು. ಒಂದು ಬೊಗಸೆ ಒಳ್ಳೆಯ ಮಣ್ಣನ್ನಾದರೂ ಕೊಡಬಲ್ಲೆವು. ಬಂದ ನೆಲದ ಅನ್ನವನ್ನುಂಡ ನಾವು ಆ ನೆಲಕ್ಕೆ ಹಿಂದಿರುಗಿಸಬೇಕಾದ ಋಣವೂ ಅದೇ ಆಗಿದೆ.