ತಲಪರಿಗೆಯ ನೀರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಬಿಟ್ಟು ದೂರ ಹೋದರೆ ‘ತಲಪರಿಗೆ’ ಎಂಬ ಮಾತನ್ನು ಬಲ್ಲವರು ವಿರಳ. ‘ಪರಿ’ ಎಂದರೆ ಹಳಗನ್ನಡದಲ್ಲಿ ಹರಿಯುವುದು ಎಂದರ್ಥವಷ್ಟೆ. ಮೈಸೂರು ಗೆಜೆಟಿಯರನ್ನು ರಚಿಸಿದ ಬಿ. ಎಲ್. ರೈಸ್ ಮಹಾಶಯರು 1897ರ ಆವೃತ್ತಿಯಲ್ಲಿ ಇದನ್ನು ಊಟೆಯ ತಲೆಯೆಂಬ ಅರ್ಥದಲ್ಲಿಯೇ ಗ್ರಹಿಸಿ, ಈ ಸೀಮೆಯ ಮರಳುನೆಲದ ವಿಶೇಷವೆಂದು ವರ್ಣಿಸಿರುವರು.

ಇದರ ರಹಸ್ಯವು ಸರಳವಾದುದು. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಇಪ್ಪತ್ತು-ಇಪ್ಪತ್ತನಾಲ್ಕು ಅಂಗುಲ. ಅದೂ ಬಹುಭಾಗ ಭಾದ್ರಪದ-ಆಶ್ವಯುಜಗಳಲ್ಲಿ. ಬೋಳುಬಂಡೆಯ ಬೆಟ್ಟಗಳಿಂದ ಇಳಿದ ನೀರು ಕೆರೆಯಲ್ಲಿ ನಿಂತು, ಮೆಲ್ಲಮೆಲ್ಲನೆ ಮರಳಿನ ಪದರವನ್ನು ಹೊಕ್ಕು, ಕೆಳಗಣ ಗಟ್ಟಿನೆಲವನ್ನು ಭೇದಿಸಲಾರದೆ ಅಡ್ಡವಾಗಿ ಹರಿದು, ತಗ್ಗಿನಲ್ಲಿ ಅಥವಾ ಹಳ್ಳದ ದಂಡೆಯಲ್ಲಿ ಹೊರಬರಲು ದಾರಿ ನೋಡುತ್ತಿರುವುದು. ಅಂಥಲ್ಲಿ ಕೆಲವೇ ಮೊಳ ಅಗೆದರೆ ಸಾಕು. ಕಪಿಲೆಯೂ ಬೇಡ, ಯಾತವೂ ಬೇಡ, ನೀರು ತಾನಾಗಿಯೇ ಕಾಲುವೆಗೆ ಬೀಳುವುದು.

ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ, ಮನುಷ್ಯನ ಶರೀರದಲ್ಲಿ ನಾಳಗಳಿರುವಂತೆಯೇ ಭೂಮಿಯಲ್ಲಿಯೂ ಮೇಲೆ ಕೆಳಗೆ ಜಲನಾಳಗಳಿರುವುವೆಂದು ಹೇಳಿ, ಅವನ್ನು ‘ಶಿರಾ’ ಎಂದು ಕರೆದಿರುವನು. ನಮ್ಮ ಶಿರಾ ಪಟ್ಟಣದ ಹೆಸರಿಗೂ ಇದಕ್ಕೂ ಗಂಟುಹಾಕುವಷ್ಟು ಸಾಹಸ ನನಗಿಲ್ಲ. ಆದರೆ ಗಿಡಮರಗಳನ್ನೂ ಹುತ್ತಗಳನ್ನೂ ನೋಡಿ ನೀರನ್ನು ಊಹಿಸುವ ಆ ವಿದ್ಯೆಯನ್ನು ಅಕ್ಷರ ಬಾರದ ನಮ್ಮ ನೀರುಗಂಟಿಗಳೂ ಬಲ್ಲವರಾಗಿದ್ದರು.

ತಲಪರಿಗೆಯು ತಾನೇ ಹುಟ್ಟಿದರೂ ತಾನೇ ಉಳಿಯತಕ್ಕುದಲ್ಲ. ವರ್ಷಾವಧಿ ಮರಳೂ ಹೂಳೂ ಜೊಂಡೂ ಕಣ್ಣನ್ನು ಮುಚ್ಚುವುವು. ಆದುದರಿಂದ ಅಚ್ಚುಕಟ್ಟಿನ ಒಕ್ಕಲುಗಳೆಲ್ಲ ಒಂದು ದಿನ ಗೊತ್ತುಮಾಡಿಕೊಂಡು, ಮನೆಗೊಂದಾಳಿನಂತೆ ಗುದ್ದಲಿ ಮಂಕರಿಗಳೊಡನೆ ಸೇರಬೇಕು. ನಾನು ಬಾಲಕನಾಗಿದ್ದಾಗ ಆ ದಿನ ಶಾಲೆಯಲ್ಲಿ ಅರ್ಧ ತರಗತಿಯೂ ಇರುತ್ತಿರಲಿಲ್ಲ. ದೊಡ್ಡವರು ಸೊಂಟದವರೆಗೆ ಕೆಸರಿನಲ್ಲಿ ನಿಂತು ಮಂಕರಿ ತುಂಬುವರು. ನಾವು ಹುಡುಗರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವೆವು. ಹೂಳೆಲ್ಲ ಹೊಲದ ಗೊಬ್ಬರ. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಸಂದಿನಿಂದ ಮರಳನ್ನು ಕುಣಿಸುತ್ತ ನೀರು ಗುಳುಗುಳು ಏಳುವುದನ್ನು ಕಂಡು ಮುದುಕರು ಕೈಮುಗಿಯುತ್ತಿದ್ದರು. ಗಂಗಮ್ಮನ ಪೂಜೆಯಾಗಿ ಮೊಸರನ್ನ ಹಂಚಿದ ಮೇಲೆ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬ ಸರದಿಯು ಅಲ್ಲಿಯೇ ತೀರ್ಮಾನವಾಗುವುದು. ಆಳು ಕಳುಹಿಸದವನು ಸರದಿ ಕೇಳುವಂತಿರಲಿಲ್ಲ. ಜಗಳವಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ರಾತ್ರಿ ಮಡೆ ಕಡಿದವನನ್ನು ಬೆಳಗ್ಗೆ ಚಾವಡಿಯಲ್ಲಿ ಕೂರಿಸಿದ್ದನ್ನೂ ಕಂಡಿದ್ದೇನೆ. ಊಟೆಯ ಮೇಲೆ ಬೆಳೆದ ಹೊಂಗೆ-ನೇರಳೆಗಳನ್ನು ಮಾತ್ರ ಯಾರೂ ಕಡಿಯುತ್ತಿರಲಿಲ್ಲ. ಉಳಿದ ನೀರು ದನಕರುಗಳಿಗೂ ಹಕ್ಕಿಪಕ್ಕಿಗಳಿಗೂ ಸಲ್ಲುತ್ತಿದ್ದಿತು.

ಬಳಿಕ ಕೊಳವೆಬಾವಿಗಳು ಬಂದುವು. ಕೊರೆಯಿಸಿದವನನ್ನು ನಾನು ದೂರುವುದಿಲ್ಲ. ಕೆರೆ ತುಂಬದ ವರ್ಷದಲ್ಲಿ ಸಾಲಗಾರನು ಬಾಗಿಲಲ್ಲಿ ನಿಂತಿರುವಾಗ ಯಾರು ತಾನೇ ಸುಮ್ಮನಿದ್ದಾರು? ಆದರೆ ಸ್ವಂತ ಬಾವಿಯುಳ್ಳವನು ಹೂಳೆತ್ತುವ ದಿನಕ್ಕೆ ಬರುವುದನ್ನು ಬಿಟ್ಟನು. ಹತ್ತು ಆಳುಗಳ ಕೆಲಸ ಆರು ಆಳುಗಳ ಮೇಲೆ ಬಿದ್ದಿತು, ಆರು ಮೂರಾಯಿತು. ಕಣ್ಣು ಮುಚ್ಚಿದ ಊಟೆ ಸೊರಗಿತು; ಸೊರಗಿದ್ದರಿಂದ ಉಳಿದವರೂ ಕೊರೆಯಿಸಿದರು. ಅಂತರ್ಜಲ ಇಳಿದ ಮೇಲೆ ಊಟೆಗೆ ನೀರೆಲ್ಲಿಯದು? ಇದರ ಜೊತೆಗೆ ಜಯಮಂಗಲಿ ಮೊದಲಾದ ಹೊಳೆಗಳ ಮರಳನ್ನು ಲಾರಿಗಳಲ್ಲಿ ಸಾಗಿಸಿದರು. ನೀರನ್ನು ಹಿಡಿದಿಡುವ ಪಾತ್ರೆಯನ್ನೇ ಮಾರಿದಂತಾಯಿತು.

ಗೃಹಿಣಿಯರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆಳದ ಬಂಡೆಯ ಸೀಳುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನಿಂದ ಫ್ಲೋರೈಡನ್ನು ಕರಗಿಸಿಕೊಳ್ಳುವುದು. ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಿದರೆ ಅದು ಕುಡಿಯಲು ತಕ್ಕುದಲ್ಲ. ಪಾವಗಡದ ಸೀಮೆಯಲ್ಲಿ ಮಕ್ಕಳ ಹಲ್ಲಿನ ಕಂದು ಕಲೆಗೂ ದೊಡ್ಡವರ ಕೀಲು ಬಿಗಿತಕ್ಕೂ ಇದು ಕಾರಣವಾಗಿರುವುದು. ಕಾಯಿಸಿ ಆರಿಸಿದರೆ ಈ ದೋಷ ಹೋಗುವುದೆಂದು ಅನೇಕರು ನಂಬಿರುವರು. ಹೋಗುವುದಿಲ್ಲ, ನೀರು ಆವಿಯಾಗಿ ಉಳಿದುದರಲ್ಲಿ ಅದು ಇನ್ನಷ್ಟು ದಟ್ಟವಾಗುವುದು. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಆಗದಿದ್ದರೆ ತಾರಸಿಯ ಮಳೆನೀರನ್ನು ಶೋಧಿಸಿ ಸಂಗ್ರಹಿಸಿರಿ.

2022ರ ಮಳೆಗಾಲದಲ್ಲಿ ಜಯಮಂಗಲಿಯು ತುಂಬಿ ಹರಿದು ಅನೇಕ ಕೆರೆಗಳು ಕೋಡಿ ಬಿದ್ದುವು. ಅದಾದ ಕೆಲವು ವಾರಗಳಿಗೆ ನಮ್ಮೂರಿನ ಕೆರೆಯ ಹಿಂದೆ ಜಾಲಿಯ ಮೆಳೆಯಲ್ಲಿ ಮುಚ್ಚಿಹೋಗಿದ್ದ ತಲಪರಿಗೆಯ ಸ್ಥಳ ಒದ್ದೆಯಾಗಿರುವುದನ್ನು ಕುರಿಕಾಯುವ ಹುಡುಗನೊಬ್ಬನು ಬಂದು ಹೇಳಿದನು. ಹೋಗಿ ನೋಡಿದೆವು. ನಾಲ್ಕು ಮಂದಿ ಸೇರಿ ಜಾಲಿ ಕಡಿದು ಒಂದಾಳುದ್ದ ಅಗೆದೆವು; ಸಂಜೆಯ ಹೊತ್ತಿಗೆ ಪಾದ ಮುಳುಗುವಷ್ಟು ನೀರು ನಿಂತಿತು. ಕಾಲುವೆಯ ಜಾಡೆಲ್ಲಿತ್ತೆಂದು ತೋರಿಸಲು ಎಂಬತ್ತು ದಾಟಿದ ಹಳೆಯ ನೀರುಗಂಟಿಯನ್ನು ಮಂಚದ ಸಮೇತ ಹೊತ್ತು ತರಬೇಕಾಯಿತು. ಆತನು ಕೋಲಿನಿಂದ ಗೆರೆ ಎಳೆಯುತ್ತ, ಪ್ರತಿಯೊಂದು ಮಡೆಯ ಬಳಿಯೂ ಯಾರಾರ ಮನೆಯ ಸರದಿಯೆಂದು ಹೆಸರು ಹಿಡಿದು ಹೇಳುತ್ತ ಹೋದನು. ಆ ಹೆಸರುಗಳಲ್ಲಿ ಅರ್ಧ ಮನೆಗಳು ಈಗ ಬೆಂಗಳೂರಿನಲ್ಲಿರುವುವು. ಉಳಿದವರಿಗೆ ಬರುವ ಯುಗಾದಿಯ ಮರುದಿನ ಗುದ್ದಲಿ ತರುವಂತೆ ಹೇಳಿ ಕಳುಹಿಸಿದೆವು.