ಉತ್ತರೆ ಮಳೆಗೆ ಬಿದ್ದ ಸೊನ್ನೆ

ಚಳ್ಳಕೆರೆ ಬಳಿಯ ನಮ್ಮೂರಿನಲ್ಲಿ ಚಿಕ್ಕಪ್ಪ ಮಳೆಯ ಲೆಕ್ಕ ಬರೆದಿಡುತ್ತಾರೆ. ಅದರಲ್ಲಿ ತಾರೀಕಿಲ್ಲ, ಮಿಲಿಮೀಟರೂ ಇಲ್ಲ. ಮಳೆ ನಕ್ಷತ್ರದ ಹೆಸರು, ನೆಲ ನೆನೆದ ಹದ, ಅಷ್ಟೇ. ‘ಮಗೆ, ಎರಡು ಹದ’, ‘ಹುಬ್ಬೆ, ಬರಲಿಲ್ಲ’, ‘ಉತ್ತರೆ ಮೂರನೇ ಪಾದ, ರಾತ್ರಿ, ಒಂದು ಹದ’. ಹೋದ ವರ್ಷ ಆ ಉತ್ತರೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: ‘ಶೇಂಗಾ ಕಾಯಿ ಬಲಿಯೋ ಹೊತ್ನಾಗೆ ಬಿದ್ದ ಮಳೆ ಕಣವ್ವ. ನಿನ್ನ ಮಿಷಿನ್ನು ಏನ್ ಬರ್ಕಂಡೈತೆ ನೋಡು.’

ನನ್ನ ಮಿಷಿನ್ನು ಸೊನ್ನೆ ಬರೆದುಕೊಂಡಿತ್ತು.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವವಳು. ಸಂಶೋಧನೆಯ ವಿಷಯ ಕೇಳಿದಲ್ಲೆಲ್ಲ ‘ದತ್ತಾಂಶ, ಸೆನ್ಸರ್, ಹುಡುಕಾಟ’ ಎಂದು ಬರೆಯುತ್ತೇನೆ. ಮೂರೂ ಬೇರೆ ಬೇರೆ ಕೆಲಸ ಎಂದೇ ಬಹುಕಾಲ ನಂಬಿದ್ದೆ. ಆ ನಂಬಿಕೆ ಹೋದದ್ದು ಚಿಕ್ಕಪ್ಪನ ಹೊಲದ ಬದುವಿನಲ್ಲಿ.

ನಾನೂ ನನ್ನ ವಿದ್ಯಾರ್ಥಿಗಳೂ ಅಲ್ಲೊಂದು ಮಳೆಮಾಪಕ ನೆಟ್ಟಿದ್ದೆವು. ಅದರೊಳಗೆ ಏತದ ಹಾಗೆ ಆಚೀಚೆ ವಾಲುವ ಜೋಡಿ ಬಟ್ಟಲು. ಲಾಳಿಕೆಯಿಂದ ಇಳಿದ ನೀರು ಒಂದನ್ನು ತುಂಬಿದರೆ ಅದು ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೇಳುತ್ತದೆ. ಪ್ರತಿ ಸಲ ವಾಲಿದಾಗ ಅಯಸ್ಕಾಂತದ ಸ್ವಿಚ್ಚು ಒಂದು ಎಣಿಕೆ ಕೊಡುತ್ತದೆ. ನಮ್ಮದರಲ್ಲಿ ಒಂದು ಎಣಿಕೆಗೆ 0.2 ಮಿ.ಮೀ. ಚಿಕ್ಕಪ್ಪ ಕೇಳಿದ ಮೇಲೆ ಹೋಗಿ ಬಗ್ಗಿ ನೋಡಿದರೆ ಲಾಳಿಕೆಯ ಕತ್ತಿನಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು. ನೀರು ನಿಂತು ಆರಿಹೋದ ಗೆರೆ ಅದರ ಮೇಲೆ ಸ್ಪಷ್ಟವಾಗಿ ಉಳಿದಿತ್ತು. ಬ್ಯಾಟರಿ ಸರಿಯಿತ್ತು, ಸಿಮ್ ಸರಿಯಿತ್ತು. 15 ನಿಮಿಷಕ್ಕೊಮ್ಮೆ ತಪ್ಪದೆ ಸೊನ್ನೆ ಬರುತ್ತಿತ್ತು.

ಮಳೆ ಬಾರದ ಸೊನ್ನೆಗೂ ಗಂಟಲು ಕಟ್ಟಿದ ಸೊನ್ನೆಗೂ ನಮ್ಮ ಕಡತದಲ್ಲಿ ವ್ಯತ್ಯಾಸವೇ ಇರಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಬರ ಘೋಷಣೆಗೆ ಮಳೆಯ ಅಂಕಿ ಬೇಕು, ಹವಾಮಾನ ಆಧಾರಿತ ಬೆಳೆ ವಿಮೆಗೆ ಬೇಕು. ಒಂದು ಹುಳದ ಗೂಡು ಒಂದು ಮನೆಯ ವರ್ಷದ ಲೆಕ್ಕವನ್ನೇ ತಪ್ಪಿಸಬಲ್ಲದು.

ಮಳೆ ಅಳೆಯುವ ವಿಷಯದಲ್ಲಿ ಕರ್ನಾಟಕ ಮೊದಲೇ ಎಚ್ಚೆತ್ತ ರಾಜ್ಯ. 1988ರಲ್ಲಿ ಶುರುವಾದ ಬರ ನಿಗಾ ಘಟಕವೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದವರೆಗೆ 6,000ಕ್ಕೂ ಹೆಚ್ಚು ಮಳೆಮಾಪಕಗಳ ಜಾಲವಿದೆ, ರೈತರಿಗೆ ‘ವರುಣ ಮಿತ್ರ’ ಸಹಾಯವಾಣಿಯಿದೆ. ಇಷ್ಟು ಅಳೆಯುವ ನಾಡು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು ಎಂಬುದು ನನ್ನ ಒತ್ತಾಯ: ಅಳೆದದ್ದು ರೈತನ ಮಾತಿಗೆ ಸಿಗಬೇಕು.

ಚಿಕ್ಕಪ್ಪ ‘ಸೆಪ್ಟೆಂಬರ್ 20’ ಎಂದು ಹುಡುಕುವವರಲ್ಲ. ‘ಉತ್ತರೆಯಲ್ಲಿ ಎಷ್ಟಾಯ್ತು’ ಎಂದು ಕೇಳುತ್ತಾರೆ. ಒಂದು ಮಳೆ ನಕ್ಷತ್ರಕ್ಕೆ 13–14 ದಿನ. ಅದನ್ನು ತಾರೀಕಿಗೆ ಹೊಂದಿಸುವುದು ಪಂಚಾಂಗ ಬಲ್ಲ ಯಾರಿಗೂ ಕಷ್ಟವಲ್ಲ. ಕಷ್ಟವಿರುವುದು ಭಾಷೆಯಲ್ಲಿ. ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ಬ್ರಿಟನ್ನಿನ ವಿಜ್ಞಾನಿ 1972ರಲ್ಲಿ ಹುಡುಕಾಟದ ಒಂದು ಮೂಲ ಸೂತ್ರ ಕೊಟ್ಟರು. ಕಡತಗಳ ರಾಶಿಯಲ್ಲಿ ಯಾವ ಪದ ಅಪರೂಪವೋ ಅದಕ್ಕೆ ತೂಕ ಹೆಚ್ಚು. ‘ಮಳೆ’ ಎಲ್ಲ ಕಡತದಲ್ಲೂ ಇರುತ್ತದೆ, ‘ಉತ್ತರೆ’ ಕೆಲವೇ ಕಡೆ. ಹಾಗಾಗಿ ದಾರಿ ತೋರುವುದು ಉತ್ತರೆ. ಆದರೆ ಉತ್ತರೆ, ಉತ್ತರೆಗೆ, ಉತ್ತರೆಯಲ್ಲಿ, ಉತ್ತರೆಯದು ಇವೆಲ್ಲ ಒಂದೇ ಎಂದು ಯಂತ್ರಕ್ಕೆ ಹೇಳಿಕೊಡದಿದ್ದರೆ ಅದು ನಾಲ್ಕು ಪದವೆಂದು ಎಣಿಸುತ್ತದೆ. ಎಣಿಕೆ ಕೆಟ್ಟರೆ ತೂಕವೂ ಕೆಡುತ್ತದೆ. ಹಳೆಯ ಫಾಂಟಿನಲ್ಲಿ ಟೈಪಾದ ನಮ್ಮ ಕಡತಗಳ ಪಾಡು ಇನ್ನೂ ದೊಡ್ಡದು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಅವನ್ನು ಯೂನಿಕೋಡಿಗೆ ತರುವ ಕೆಲಸ ಪ್ರಬಂಧವಾಗುವುದಿಲ್ಲ, ಬಡ್ತಿ ತರುವುದಿಲ್ಲ. ಅದನ್ನೂ ಸಂಶೋಧನೆ ಎಂದು ವಿಶ್ವವಿದ್ಯಾಲಯಗಳು ಒಪ್ಪಬೇಕು. ಹಾಗೆಯೇ ಮಳೆಯ ಅಂಕಿ ಪ್ರಕಟಿಸುವವರು ಯಾರೇ ಆಗಲಿ, ಆ ದಿನ ಮಾಪಕ ಸುಸ್ಥಿತಿಯಲ್ಲಿತ್ತೇ ಎಂಬುದನ್ನು ಪಕ್ಕದಲ್ಲೇ ಹೇಳಬೇಕು.

ನಾವು ಲಾಳಿಕೆಗೆ ಸಣ್ಣ ಜಾಲರಿ ಹಾಕಿದ್ದೇವೆ. ತಿಂಗಳಿಗೊಮ್ಮೆ ಒಬ್ಬ ವಿದ್ಯಾರ್ಥಿ ಚೊಂಬಿನಲ್ಲಿ ಅಳತೆಯ ನೀರು ಹೊಯ್ದು ಎಣಿಕೆ ಸರಿಯೇ ಎಂದು ನೋಡಿ ಬರುತ್ತಾನೆ. ಕಡತದಲ್ಲಿ ಆ ರಾತ್ರಿಯ ಸೊನ್ನೆಯನ್ನು ಅಳಿಸಿದ್ದೇವೆ. ಈಗ ಅಲ್ಲಿ ‘ಮಾಪಕ ಕಟ್ಟಿತ್ತು’ ಎಂದಿದೆ, ಅದರ ಮುಂದೆ ಚಿಕ್ಕಪ್ಪನ ಪುಸ್ತಕದಿಂದ ಇಳಿಸಿಕೊಂಡ ಮಾತು: ಉತ್ತರೆ ಮೂರನೇ ಪಾದ, ರಾತ್ರಿ, ಒಂದು ಹದ.